ಖಾಲಿ ಡಬ್ಬಿ

ತೀರಿಕೊಂಡವರಿಗೆ ನೀನು ಏನಾಗಬೇಕು ಎಂದು ಕೇಳಿದರೆ ಥಟ್ಟನೆ ಉತ್ತರ ಹೇಳಲಾಗದವನು ಕೆಂಗೇರಿಯಲ್ಲಿ ಅಳಬಾರದು. ಮಗ, ಅಳಿಯ, ಷಡ್ಡಕ, ಬೀಗರ ಕಡೆಯವನು, ಕಡೇಪಕ್ಷ ಬಾಡಿಗೆಗೆ ಇದ್ದವನು, ಹೀಗೆ ಏನಾದರೊಂದು ಆಗಿದ್ದರೆ ಅದಕ್ಕೆ ತಕ್ಕಷ್ಟು ಅಳುವುದಕ್ಕೆ ಊರಿನ ಅಭ್ಯಂತರವಿಲ್ಲ. ಏನೂ ಆಗದವನು ಅತ್ತರೆ ಮಾತ್ರ ಜನರಿಗೆ ತಳಮಳ ಶುರುವಾಗುತ್ತದೆ. ಕಾಂತರಾಜು ಈ ಕಟ್ಟಳೆಯನ್ನು ಮುರಿದದ್ದು ಒಂದು ಭಾನುವಾರ ಬೆಳಿಗ್ಗೆ, ತನ್ನ ಮಹಡಿಯ ವರಾಂಡದಲ್ಲಿ, ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈಯಲ್ಲಿ ಫೋನು ಹಿಡಿದುಕೊಂಡು. ಎದುರು ಮನೆಯವರು ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ನೋಡಿದರು.

ಕಾಂತರಾಜು ಯಾರ ತಂಟೆಗೂ ಹೋಗದ ಮನುಷ್ಯ. ನಲವತ್ತು ದಾಟಿ ಮುಂದಲೆ ಬೋಳಾಗಿದೆ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ತೂಕದ ಯಂತ್ರ ಮಾಡುವ ಒಂದು ಕಂಪನಿಯಲ್ಲಿ, ಆ ಯಂತ್ರಗಳಿಗೆ ಬೇಕಾದ ಪ್ರೋಗ್ರಾಮು ಬರೆಯುವುದು ಅವನ ಕೆಲಸ. ಅದು ಹೊಟ್ಟೆಪಾಡಿಗೆ. ಅವನ ಮನಸ್ಸು ಇದ್ದದ್ದು ಬುತ್ತಿಯಲ್ಲಿ.

ಬುತ್ತಿ ಎಂದರೇನೆಂದು ಅವನು ಮನೆಯವರಿಗೆ ಹಲವು ಸಲ ವಿವರಿಸಿದ್ದ. ಜಗತ್ತಿನ ಮೂಲೆಮೂಲೆಯಲ್ಲಿ ಕೂತು ಪ್ರೋಗ್ರಾಮು ಬರೆಯುವವರು ತಾವು ನಿನ್ನೆ ಬರೆದದ್ದು, ಇವತ್ತು ತಿದ್ದಿದ್ದು, ನಾಳೆ ಅಳಿಸಲಿರುವುದು ಎಲ್ಲವನ್ನೂ ಒಂದು ಉಗ್ರಾಣದಲ್ಲಿ ಜೋಡಿಸಿ ಇಡುತ್ತಾರೆ. ಆ ಉಗ್ರಾಣದಿಂದ ಬೇಕಾದ್ದನ್ನು ಆರಿಸಿ, ಗಂಟು ಕಟ್ಟಿ, ಬೇರೆಯವರ ಕಂಪ್ಯೂಟರಿಗೆ ಹಾಗೇ ಇಳಿಸುವಂತೆ ಮಾಡುವ ಸಣ್ಣ ಸಲಕರಣೆಯೇ ಬುತ್ತಿ. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು, ಬಿಡಿಗಾಸು ಕೊಡಬೇಕಾಗಿಲ್ಲ. ಈ ಕೊನೆಯ ಮಾತಿಗೆ ಬರುವ ಹೊತ್ತಿಗೆ ಅವನ ಅಣ್ಣ ನಂಜುಂಡಪ್ಪ ಎದ್ದು ಹೋಗಿರುತ್ತಿದ್ದರು.

ಬುತ್ತಿಯನ್ನು ಕಟ್ಟಿ ನಿಲ್ಲಿಸಿದವರು ಇಬ್ಬರು. ಒಬ್ಬ ಕಾಂತರಾಜು, ಇನ್ನೊಬ್ಬರು ಬಾಪೂಜಿ ನಗರದ ಶಿವಯೋಗಿ. ಶಿವಯೋಗಿ ಒಂದು ಟೈರು ಗೋಡೌನಿನಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದರು. ಎಂಟೊಂಬತ್ತು ವರ್ಷ ದಿನಬೆಳಗಾದರೆ ಮಾತು, ಚರ್ಚೆ, ಜಗಳ, ಎಲ್ಲ ಫೋನಿನಲ್ಲಿ ಟೈಪು ಮಾಡಿಯೇ. ಮುಖ ಕಂಡಿರಲಿಲ್ಲ. ಕೆಂಗೇರಿಯಿಂದ ಬಾಪೂಜಿ ನಗರಕ್ಕೆ ಮೆಟ್ರೊದಲ್ಲಿ ಏಳು ಸಮುದ್ರವೇನೂ ದಾಟಬೇಕಾಗಿಲ್ಲ. ಒಂದೇ ದಾರಿ, ಗಾಡಿ ಸಹ ಬದಲಿಸಬೇಕಾಗಿಲ್ಲ. ಆದರೆ ಬೆಂಗಳೂರಿನಲ್ಲಿ ಹತ್ತಿರ ಇರುವವರನ್ನು ನೋಡಲು ಯಾರೂ ಹೋಗುವುದಿಲ್ಲ, ಹೇಗೂ ಹತ್ತಿರವೇ ಇದ್ದಾರಲ್ಲ ಎಂಬ ಧೈರ್ಯದಿಂದ. ಬುತ್ತಿಯ ಪ್ರತಿ ಆವೃತ್ತಿ ಬಿಡುಗಡೆಯಾದಾಗಲೂ ಕಾಂತರಾಜು ‘ಆಯ್ತು ಸಾರ್, ಈಗ ಒಂದಿನ ಬರ್ತೀನಿ’ ಎಂದು ಕಳಿಸುತ್ತಿದ್ದ. ಶಿವಯೋಗಿ ‘ಬರ್ರಿ ಸರ್’ ಎನ್ನುತ್ತಿದ್ದರು. ಅಷ್ಟರಲ್ಲಿ ಮುಂದಿನ ಆವೃತ್ತಿಯ ಕೆಲಸ ಶುರುವಾಗುತ್ತಿತ್ತು.

ಅವರಿಬ್ಬರೂ ತಮಗೆ ತಾವೇ ಹಾಕಿಕೊಂಡ ಒಂದು ನಿಯಮವಿತ್ತು. ಒಬ್ಬ ಬರೆದದ್ದನ್ನು ಇನ್ನೊಬ್ಬ ಓದಿ ‘ಒಪ್ಪಿದೆ’ ಎಂಬ ಗುಂಡಿ ಒತ್ತದ ಹೊರತು ಬುತ್ತಿ ಹೊರಗೆ ಹೋಗುವಂತಿಲ್ಲ. ಮತ್ತು ಅವರಿಬ್ಬರಿಗೂ ಒಂದು ಹಳೆಯ ಜಗಳವಿತ್ತು. ಉಗ್ರಾಣದಲ್ಲಿ ಕೆಲವೊಮ್ಮೆ ಒಳಗೆ ಏನೂ ಇಲ್ಲದ ಫೋಲ್ಡರುಗಳೂ, ಅವರ ಮಾತಿನಲ್ಲಿ ಖಾಲಿ ಡಬ್ಬಿಗಳೂ, ಇರಬೇಕಾಗುತ್ತದೆ. ಬುತ್ತಿ ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಿಟ್ಟು ಹೋಗುತ್ತಿತ್ತು. ಅವನ್ನೂ ಕಟ್ಟಬೇಕು ಎಂದು ಶಿವಯೋಗಿ. ಏನೂ ಇಲ್ಲದ್ದನ್ನು ಯಾಕೆ ಹೊರಬೇಕು ಎಂದು ಕಾಂತರಾಜು. ‘ಖಾಲಿ ಡಬ್ಬಿನೂ ಬುತ್ತಿನ ಸರ್. ಊರು ಮುಟ್ಟಿದ ಮ್ಯಾಲೆ ಯಾರರ ತುಂಬತಾರ’ ಎಂದು ಶಿವಯೋಗಿ ಒಮ್ಮೆ ಬರೆದಿದ್ದರು. ಅದಕ್ಕೆ ಕಾಂತರಾಜು ನಗುವ ಮುಖದ ಗುರುತು ಹಾಕಿ ಸುಮ್ಮನಾಗಿದ್ದ. ಜಗಳ ವರ್ಷಗಟ್ಟಲೆ ಎಳೆಯಿತು. ಕೊನೆಗೆ ಈ ಸಲ ಸೋಲೊಪ್ಪಿಕೊಂಡು, ಖಾಲಿ ಡಬ್ಬಿಗಳನ್ನೂ ಕಟ್ಟುವಂತೆ ಕಾಂತರಾಜುವೇ ಬರೆದು ಒಪ್ಪಿಗೆಗೆ ಕಳಿಸಿದ್ದ.

ಸೋತವನಿಗೆ ಗೆದ್ದವನ ಒಂದು ಒಳ್ಳೆಯ ಮಾತಾದರೂ ಬೇಕಾಗುತ್ತದೆ. ಉತ್ತರವೇ ಬರಲಿಲ್ಲ. ‘ನೋಡಿದ್ರಾ ಸಾರ್?’ ಎಂದು ಕೇಳಿದ. ‘ನಿಮ್ಮ ಮಾತೇ ನಡೀತು, ಈಗ್ಲಾದ್ರೂ ನೋಡಿ’ ಎಂದ. ಆಮೇಲೆ ಮುನಿಸಿಕೊಂಡು, ‘ಏನ್ ಸಾರ್, ಬದುಕಿದ್ದೀರೋ ಇಲ್ವೋ?’ ಎಂದು ಬರೆದುಬಿಟ್ಟ. ಭಾನುವಾರ ಬೆಳಿಗ್ಗೆ ಉತ್ತರ ಬಂತು. ‘ನಾನು ಅವರ ಮನೆಯಾಕಿ ಸುವರ್ಣಾ. ಅವರು ಶುಕ್ರವಾರ ಎದಿನೋವು ಬಂದು ತೀರಿಕೊಂಡ್ರು. ಇನ್ನ ಮ್ಯಾಲೆ ಕೆಲಸದ ಮೆಸೇಜ್ ಹಾಕಬ್ಯಾಡ್ರಿ.’

ಅವನ ಅಳು ಕೇಳಿ ಅಡುಗೆಮನೆಯಿಂದ ಹೆಂಡತಿ ವಿಜಯಶ್ರೀ ಓಡಿ ಬಂದಳು.

“ಯಾರಿಗೇನಾಯ್ತು?”

“ಶಿವಯೋಗಿ ಹೋಗ್ಬಿಟ್ರು.”

“ಯಾರು, ನಿಮ್ಮ ಆಫೀಸವ್ರಾ?”

“ಅಲ್ಲ.”

“ಜೊತೇಲಿ ಓದಿದ್ರಾ?”

“ಇಲ್ಲ.”

“ಮತ್ತೆ ಎಲ್ಲಿ ಸಿಕ್ಕಿದ್ರು ನಿಮಗೆ?”

“ಸಿಕ್ಕೇ ಇಲ್ಲ ಕಣೇ. ಅದಕ್ಕೇ ಅಳು ಬರ್ತಿರೋದು.”

“ನಮ್ಮಪ್ಪ ಹೋದಾಗ ನೀವು ಇದರಲ್ಲಿ ಅರ್ಧನೂ ಅಳ್ಲಿಲ್ಲ,” ಎಂದು ಹೇಳಿ ವಿಜಯಶ್ರೀ ಕಾಫಿ ಲೋಟವನ್ನು ಅವನ ಕೈಯಿಂದ ಬಿಡಿಸಿಕೊಂಡು ಒಳಗೆ ಹೋದಳು.

ಕಣ್ಣೊರೆಸಿಕೊಂಡು ಅವನು ಸುವರ್ಣಾಗೆ ಕ್ಷಮೆ ಕೇಳಿ, ಮನೆ ಎಲ್ಲಿ ಎಂದು ವಿಚಾರಿಸಿದ. ಮಣ್ಣು ಆಗಿಹೋಗಿತ್ತು. ಬುಧವಾರ ಮನೆಯಲ್ಲಿ ಕಾರ್ಯ ಎಂದು ವಿಳಾಸವಷ್ಟೇ ಬಂತು. ಸೋಮವಾರ ಬೆಳಿಗ್ಗೆ ಅವನು ಮ್ಯಾನೇಜರ್ ದರ್ಶನ್‌ಗೆ ಫೋನು ಮಾಡಿ ಬುಧವಾರದವರೆಗೆ ರಜೆ ಕೇಳಿದ. ಸಾವಿನ ರಜೆ ರಕ್ತಸಂಬಂಧಕ್ಕೆ ಮಾತ್ರ ಎಂಬುದು ಕಂಪನಿಯ ನಿಯಮ. ದರ್ಶನ್ ಮೆತ್ತಗಿನ ದನಿಯಲ್ಲಿ, “ತೀರಿಕೊಂಡವರು ಏನಾಗ್ಬೇಕು ಕಾಂತರಾಜು?” ಎಂದು ಕೇಳಿದ. ಜೊತೆಗಾರ ಎಂದರೆ ರಜೆ ಇಲ್ಲ. ಸ್ನೇಹಿತ ಎನ್ನಲು ಮುಖವನ್ನೇ ನೋಡಿಲ್ಲ. ಅವರು ತನಗಿಂತ ಎರಡು ವರ್ಷ ದೊಡ್ಡವರು ಎಂಬುದೊಂದು ನೆನಪಾಯಿತು.

“ಅಣ್ಣ ಸಾರ್,” ಎಂದುಬಿಟ್ಟ.

ದರ್ಶನ್ ಒಳ್ಳೆಯ ಹುಡುಗ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಷ್ಟು ಒಳ್ಳೆಯವನು. ಮಧ್ಯಾಹ್ನದೊಳಗೆ ಆಫೀಸಿನ ಇಬ್ಬರನ್ನು ಕಾರಿಗೆ ಹತ್ತಿಸಿಕೊಂಡು, ದಪ್ಪನೆಯ ಸುಗಂಧರಾಜದ ಹಾರ ಹಿಡಿದು ಕೆಂಗೇರಿಗೆ ಬಂದೇಬಿಟ್ಟ. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಬನಿಯನ್ನು ಹಾಕಿಕೊಂಡು ಅರವತ್ತರ ನಂಜುಂಡಪ್ಪ ಪೇಪರು ಓದುತ್ತಿದ್ದರು. ಬಂದವರ ಮುಖದಲ್ಲಿ ಸಾವಿನ ಮನೆಗೆ ಬೇಕಾದಷ್ಟು ಗಾಂಭೀರ್ಯವಿತ್ತು.

“ಕಾಂತರಾಜು ಅವರ ಮನೆ ಇದೇನಾ ಯಜಮಾನ್ರೇ?”

“ಇದೇ. ಏನ್ ಸಮಾಚಾರ?”

“ಅವರ ಅಣ್ಣ ತೀರಿಕೊಂಡ್ರಲ್ಲ, ನೋಡ್ಕೊಂಡು ಹೋಗೋಣ ಅಂತ ಬಂದ್ವಿ. ಬಾಡಿ ಇದೆಯಾ, ತಗೊಂಡು ಹೋದ್ರಾ?”

ನಂಜುಂಡಪ್ಪ ಕನ್ನಡಕ ತೆಗೆದು ಮಡಿಚಿದರು. “ಯಾವತ್ತು ತೀರಿಕೊಂಡಿದ್ದಂತೆ?”

“ಶುಕ್ರವಾರ ಅಂದ್ರು.”

“ಶುಕ್ರವಾರ ನಾನು ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದ್ಕೊಂಡು ಬಂದೆನಲ್ಲಪ್ಪ.”

“ನೀವು ಯಾರು ಸಾರ್?”

“ನಾನೇ ಅವನ ಅಣ್ಣ. ಇರೋದು ಒಬ್ಬನೇ.”

ದರ್ಶನ್ ಹಾರವನ್ನೂ ನಂಜುಂಡಪ್ಪನವರ ಕತ್ತನ್ನೂ ನೋಡಿ ಹಾರವನ್ನು ಬೆನ್ನ ಹಿಂದೆ ಮಾಡಿಕೊಂಡ. ಅಲ್ಲಿಗೆ ನಿಲ್ಲಿಸಿದ್ದರೆ ಒಂದು ಲೋಟ ಮಜ್ಜಿಗೆ ಕುಡಿದು ಎಲ್ಲರೂ ನಕ್ಕು ಹೋಗಬಹುದಿತ್ತು. ಆದರೆ ಅವನಿಗೆ ತನ್ನ ಕೈಕೆಳಗಿನವರ ಮೇಲೆ ಅಭಿಮಾನ. “ಹಾಗಾದ್ರೆ ಇನ್ನೊಬ್ರು ಅಣ್ಣ ಇರ್ಬೇಕು ಸಾರ್. ಕಾಂತರಾಜು ಸುಳ್ಳು ಹೇಳೋ ಮನುಷ್ಯ ಅಲ್ಲ,” ಎಂದ.

ಈ ನಡತೆಯ ಸರ್ಟಿಫಿಕೇಟು ಮಾಡಿದ ಅನಾಹುತವನ್ನು ಬೇರೆ ಯಾವ ಚಾಡಿಯೂ ಮಾಡುತ್ತಿರಲಿಲ್ಲ. ಕೆಂಗೇರಿಯ ಹಳೆಯ ಒಕ್ಕಲು ಮನೆಗಳಲ್ಲಿ ಹೊಲ ಹೋಗಿ ಸೈಟು ಬಂದ ಮೇಲೆ, ಜನ ಹಾವಿಗೆ ಹೆದರುವುದು ಬಿಟ್ಟು ಗೊತ್ತಿಲ್ಲದ ಅಣ್ಣತಮ್ಮಂದಿರಿಗೆ ಹೆದರುತ್ತಾರೆ. ನಂಜುಂಡಪ್ಪನವರು ಅರ್ಧ ಆಯುಷ್ಯವನ್ನು ದಾಯಾದಿಗಳ ಜೊತೆ ಕೋರ್ಟಿನಲ್ಲಿ ಕಳೆದವರು. ಬಂದವರನ್ನು ಅವರು ಮರ್ಯಾದೆಯಿಂದಲೇ ಕಳಿಸಿದರು. ಹಾರ ಮಾತ್ರ ಉಳಿಯಿತು. ಅದನ್ನು ವಾಪಸ್ಸು ಒಯ್ಯುವಂತಿಲ್ಲ, ಬದುಕಿದ್ದವರಿಗೆ ಹಾಕುವಂತಿಲ್ಲ. ಕೊನೆಗೆ ಅದು ನಡುಮನೆಯಲ್ಲಿದ್ದ ಅವರ ತಂದೆ ಕೆಂಚಪ್ಪನವರ ಫೋಟೋಗೆ ಬಿತ್ತು.

ಸಂಜೆ ಅದೇ ಫೋಟೋದ ಕೆಳಗೆ ಪಂಚಾಯಿತಿ ಸೇರಿತು. ನಂಜುಂಡಪ್ಪ, ವಿಜಯಶ್ರೀ, ಕೆಂಚಪ್ಪನವರ ತಂಗಿ ಅಕ್ಕಯ್ಯಮ್ಮ, ನಡುವೆ ತಲೆ ತಗ್ಗಿಸಿಕೊಂಡು ಕಾಂತರಾಜು.

“ಆ ಶಿವಯೋಗಿ ಯಾವೂರಿನವನು?” ಎಂದರು ನಂಜುಂಡಪ್ಪ.

“ಬ್ಯಾಡಗಿ ಕಡೆ.”

ಎಲ್ಲರೂ ಒಟ್ಟಿಗೆ ಫೋಟೋ ನೋಡಿದರು. ಹೊಸ ಹಾರದೊಳಗಿಂದ ಕೆಂಚಪ್ಪ ಏನೂ ಗೊತ್ತಿಲ್ಲದವರಂತೆ ನೋಡುತ್ತಿದ್ದರು.

“ನಮ್ಮಣ್ಣ ಮೆಣಸಿನಕಾಯಿ ಲಾರಿ ಜೊತೆ ಬ್ಯಾಡಗಿಗೆ ಹೋದ್ರೆ ಯಾವಾಗ ಬರ್ತಿದ್ದ ಅಂತ ನಿಮಗೇನ್ ಗೊತ್ತು,” ಎಂದು ಅಕ್ಕಯ್ಯಮ್ಮ ಸೆರಗು ಬಾಯಿಗಿಟ್ಟುಕೊಂಡಳು. “ನಿಮ್ಮಮ್ಮಂಗೆ ಗೊತ್ತಿತ್ತು. ಪಾಪ, ಬಾಯಿ ಬಿಡಲಿಲ್ಲ ಅವಳು.”

“ಅತ್ತೆ, ಅವರು ನಮ್ಮಪ್ಪನ ಮಗ ಅಲ್ಲ. ನಾವಿಬ್ರೂ ಸೇರಿ ಬುತ್ತಿ ಮಾಡ್ತಿದ್ವಿ, ಅಷ್ಟೇ,” ಎಂದ ಕಾಂತರಾಜು.

“ಆ ಬುತ್ತಿಗೆ ನಿನಗೆ ಸಂಬಳ ಎಷ್ಟು?” ನಂಜುಂಡಪ್ಪ ಪಾಟೀಸವಾಲು ಶುರುಮಾಡಿದರು.

“ಇಲ್ಲ.”

“ಅವನಿಗೆ?”

“ಅವರಿಗೂ ಇಲ್ಲ.”

“ಬಂದ ಲಾಭದಲ್ಲಿ ಪಾಲು?”

“ಲಾಭನೇ ಇಲ್ಲ ಅಣ್ಣ. ಎಲ್ರಿಗೂ ಸುಮ್ನೆ ಕೊಡ್ತೀವಿ.”

“ಮುಖ ನೋಡಿದೀಯಾ?”

“ಇಲ್ಲ.”

ನಂಜುಂಡಪ್ಪ ತೀರ್ಪು ಕೊಡುವವರಂತೆ ಬೆನ್ನು ನೆಟ್ಟಗೆ ಮಾಡಿಕೊಂಡರು. “ಕೇಳಮ್ಮ ವಿಜಯ. ಕೂಲಿ ಇಲ್ದೆ, ಪಾಲು ಇಲ್ದೆ, ಒಂದೇ ಹೊಲದಲ್ಲಿ ಅಷ್ಟು ವರ್ಷ ಗೇಯೋದು ಅಂದ್ರೆ ಅಣ್ಣತಮ್ಮ ಮಾತ್ರ. ಹೊರಗಿನವರು ಯಾರೂ ಗೇಯಲ್ಲ. ಇವನು ಏನೋ ಮುಚ್ಚಿಡ್ತಿದ್ದಾನೆ.”

ಕಾಂತರಾಜು ಹೇಳಿದ್ದೆಲ್ಲ ನಿಜ. ಅದಕ್ಕೇ ಯಾರೂ ನಂಬಲಿಲ್ಲ. ಇನ್ನು ಉಳಿದದ್ದು ಸೂತಕದ ಪ್ರಶ್ನೆ. ರಕ್ತ ರಕ್ತವೇ, ಹಿಡಿಯಲೇಬೇಕು ಎಂದಳು ಅಕ್ಕಯ್ಯಮ್ಮ. ಸೂತಕ ಹಿಡಿದರೆ ಸಂಬಂಧ ಒಪ್ಪಿಕೊಂಡ ಹಾಗೆ, ನಾಳೆ ಕೋರ್ಟಿನಲ್ಲಿ ಅದೇ ಸಾಕ್ಷಿಯಾಗುತ್ತದೆ ಎಂದರು ನಂಜುಂಡಪ್ಪ. ಬಹಳ ವಾದವಾಗಿ ರಾಜಿಯಾಯಿತು. ಕಾಂತರಾಜು ಇರುವ ಮೇಲಿನ ಮಹಡಿಗೆ ಸೂತಕ, ನಂಜುಂಡಪ್ಪ ಇರುವ ಕೆಳಗಿನ ಮಹಡಿಗೆ ಇಲ್ಲ. ಅಂದು ಮೇಲೆ ಒಗ್ಗರಣೆಯಿಲ್ಲದ ಸಪ್ಪೆ ಸಾರು, ಕೆಳಗೆ ಕೋಳಿ ಸಾರು. ವಾಸನೆ ಮಾತ್ರ ರಾಜಿಗೆ ಒಪ್ಪದೆ ಮೆಟ್ಟಿಲು ಹತ್ತಿ ಬಂತು.

ಆಮೇಲೆ ಕಾಂತರಾಜು ತಿದ್ದಲು ಹೋಗಲಿಲ್ಲ. ಅವನಿಗೆ ಆ ಸಪ್ಪೆ ಸಾರು ಬೇಕಾಗಿತ್ತು. ಸುಳ್ಳು ಸಂಬಂಧವೇ ಇರಲಿ, ಕೂತು ದುಃಖಪಡಲು ಮನೆಯೊಳಗೆ ಒಂದು ಮಹಡಿ ಸಿಕ್ಕಿತಲ್ಲ ಎನ್ನಿಸಿತ್ತು. ವಿಜಯಶ್ರೀ ಕೂಡ ಏನೂ ಕೇಳದೆ ಅವನ ಪಕ್ಕ ಕೂತು ಊಟ ಮಾಡಿದಳು.

ಬುಧವಾರ ನಂಜುಂಡಪ್ಪನವರೂ ಅಕ್ಕಯ್ಯಮ್ಮನೂ ಜೊತೆಗೆ ಹೊರಟರು. ಅಣ್ಣ ಹೊರಟದ್ದು ಪಾಲು ಕೇಳುವವರು ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡು ಬರಲು. ಅವಳು ಹೊರಟದ್ದು ಮೂಗು ನೋಡಲು. ಕೆಂಚಪ್ಪನ ಮನೆತನದ ಮೂಗು ಸುಳ್ಳು ಹೇಳುವುದಿಲ್ಲ ಎಂಬುದು ಅವಳ ನಂಬಿಕೆ. ಮೆಟ್ರೊದಲ್ಲಿ ಅವಳು ಕಾಂತರಾಜುಗೆ ಬುದ್ಧಿ ಹೇಳಿದಳು. “ನೋಡು, ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಅನ್ಬಾರದು. ಸುಮ್ನೆ ಎದ್ದು ಬಂದ್ಬಿಡ್ಬೇಕು. ನಿನ್ನ ಬಾಯಿ ಮೊದಲೇ ನೆಟ್ಟಗಿಲ್ಲ.” ಅವನು ತಲೆಯಾಡಿಸಿದ. ದೀಪಾಂಜಲಿ ನಗರ ಸ್ಟೇಷನ್ನು ಬಂತು. ಇಷ್ಟು ಬೇಗ ಬಂತಲ್ಲ ಎಂದು ಅವನು ಬೋರ್ಡನ್ನು ಇನ್ನೊಮ್ಮೆ ಓದಿದ.

ಬಾಪೂಜಿ ನಗರದ ಸಂದಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಮನೆ. ಬಾಗಿಲ ಎದುರು ಶಿವಯೋಗಿಯವರ ಫೋಟೋ, ಹಣೆ ತುಂಬ ವಿಭೂತಿ. ಕಾಂತರಾಜು ಮೊದಲ ಸಲ ಆ ಮುಖ ನೋಡಿದ. ತಾನು ಅ‍ಂದುಕೊಂಡದ್ದಕ್ಕಿಂತ ಸಣ್ಣ ಮುಖ, ಮೆಳ್ಳಗಣ್ಣು, ಫೋಟೋ ತೆಗೆಸಿಕೊಳ್ಳಲು ನಾಚಿಕೊಂಡಂತಿದ್ದ ನಗು. ಸುವರ್ಣಾ ಎದ್ದು ಬಂದಳು.

“ಯಾರ್ರಿ ನೀವು?”

“ನಾನು ಕಾಂತರಾಜು ಅಂತ. ಮೆಸೇಜ್ ಹಾಕಿದ್ದೆ.”

ಅವಳ ಮುಖ ಬಿಗಿಯಾಯಿತು. “ನೀವಾ? ಇಡೀ ದಿನಾ ಗೋಡೌನಿನ್ಯಾಗ ದುಡದು ಬರ್ತಿದ್ರು. ಉಂಡ ಕೈ ಒಣಗೂದ್ರಾಗ ಮತ್ತ ನಿಮ್ಮ ಕೆಲಸ ಹಿಡಕೊಂಡು ಕೂಡ್ತಿದ್ರು. ಬದುಕೀರೇನು ಅಂತ ಬ್ಯಾರೆ ಕೇಳೀರಿ. ಸಾಹೇಬ್ರಾದವರಿಗೆ ಇಷ್ಟರ ಕರುಣಾ ಇರಬಾರದೇನ್ರಿ?”

“ನಾನು ಸಾಹೇಬ ಅಲ್ಲಮ್ಮ.”

“ಮತ್ತ ಏನಾಗಬೇಕು ನೀವು?”

ಕಾಂತರಾಜು ಫೋಟೋದ ಕಡೆ ತಿರುಗಿದ. ನಂಜುಂಡಪ್ಪ ಮುಂದೆ ಬಂದು, “ಅದನ್ನೇ ತಿಳ್ಕೊಳ್ಳೋಣ ಅಂತ ನಾವೂ ಬಂದಿದ್ದು ತಾಯಿ. ತೀರಿಕೊಂಡವರ ತಂದೆ ಯಾರು?” ಎಂದು ಕೇಳಿದರು.

ಸುವರ್ಣಾ ಗೋಡೆಗೆ ಒರಗಿ ಕೂತಿದ್ದ ಬಿಳಿ ರುಮಾಲಿನ ಮುದುಕರನ್ನು ತೋರಿಸಿದಳು. ಹೆಸರು ಮಡಿವಾಳಪ್ಪ. ಅಕ್ಕಯ್ಯಮ್ಮ ಅವರ ಮೂಗನ್ನೂ ಫೋಟೋದ ಮೂಗನ್ನೂ ಸರದಿಯಂತೆ ನೋಡಿದಳು. ಅಚ್ಚು ಹೊಯ್ದಂತೆ ಒಂದೇ, ಕೆಂಚಪ್ಪನ ಮನೆತನಕ್ಕೂ ಅದಕ್ಕೂ ಬಾದರಾಯಣ ಸಂಬಂಧವೂ ಇರಲಿಲ್ಲ. ಅವಳು ನಂಜುಂಡಪ್ಪನಿಗೆ ಕಣ್ಣಲ್ಲೇ ಇಲ್ಲ ಎಂದಳು. ನಂಜುಂಡಪ್ಪನವರ ಎದೆಯಿಂದ ಮೂರು ದಿನದ ಭಾರ ಇಳಿಯಿತು. ತಮ್ಮನ ಬೆನ್ನು ತಟ್ಟಿ, “ಏನೂ ಆಗ್ಬೇಕಿಲ್ಲ ಬಿಡೋ. ಇವರು ನಮಗೆ ಏನೂ ಆಗ್ಬೇಕಿಲ್ಲ. ಸೂತಕನೂ ಇಲ್ಲ, ಏನೂ ಇಲ್ಲ,” ಎಂದು ಸಮಾಧಾನದಿಂದ ಗಟ್ಟಿಯಾಗಿಯೇ ಹೇಳಿದರು.

ಮನೆಯಲ್ಲಿದ್ದವರೆಲ್ಲ ಅದನ್ನು ಕೇಳಿಸಿಕೊಂಡರು. ಕಾಂತರಾಜುಗೆ ಸುದ್ದಿ ಬಂದ ದಿನಕ್ಕಿಂತ ಈಗ ಹೆಚ್ಚು ನೋವಾಯಿತು. ಸುಳ್ಳಿನಿಂದ ಸಿಕ್ಕಿದ್ದ ಅಣ್ಣನೂ ಹೋದ. ಅವನು ಫೋಟೋಗೆ ಕೈಮುಗಿದು ಹೊರಡಲು ತಿರುಗಿದ.

“ತಮ್ಮಾ, ನಿಂದರು,” ಎಂದರು ಮಡಿವಾಳಪ್ಪ. “ಅಷ್ಟು ದೂರದಿಂದ ಬಂದೀರಿ. ನನ್ನ ಮಗಂದು ಏನರ ಕೆಲಸಾ ಬಾಕಿ ಐತೇನು?”

“ಅಷ್ಟು ದೂರ ಏನಿಲ್ಲ ಯಜಮಾನ್ರೇ,” ಎಂದ ಕಾಂತರಾಜು. “ಒಂದು ಒಪ್ಪಿಗೆ ಬಾಕಿ ಇತ್ತು. ನಮ್ಮಿಬ್ಬರಿಗೂ ಬಹಳ ವರ್ಷದಿಂದ ಒಂದು ಜಗಳ ಇತ್ತು. ಖಾಲಿ ಡಬ್ಬಿನೂ ಬುತ್ತಿ ಜೊತೆ ಹೋಗ್ಬೇಕು ಅಂತ ಅವರು. ಬೇಡ ಅಂತ ನಾನು. ಕೊನೆಗೆ ಅವರು ಹೇಳಿದ ಹಾಗೇ ಮಾಡಿ ಕಳಿಸಿದ್ದೆ. ಅವರು ನೋಡಿದ್ರೋ ಇಲ್ವೋ ಗೊತ್ತಾಗಲಿಲ್ಲ.”

ಸುವರ್ಣಾ ತಲೆಯೆತ್ತಿದಳು. “ಖಾಲಿ ಡಬ್ಬಿ ಅಂದ್ರ?”

ಅವನು ಹೇಳಿದ. ಅವಳು ಒಳಗೆ ಹೋಗಿ ಒಂದು ಹಳೆಯ ಸ್ಟೀಲಿನ ಡಬ್ಬಿ ತಂದು ಮುಂದಿಟ್ಟಳು. ಮುಚ್ಚಳ ಒಂದು ಕಡೆ ನೆಗ್ಗಿತ್ತು.

“ಊರಿಗೆ ಹೋಗುಮುಂದ ಇದನ್ನ ಖಾಲಿನ ಒಯ್ತಿದ್ರು. ನಮ್ಮತ್ತಿ ಇದ್ರಾಗ ಶೇಂಗಾ ಚಟ್ನಿಪುಡಿ, ಕಡಕ ರೊಟ್ಟಿ ತುಂಬಿ ಕಳಸ್ತಿದ್ರು. ಅತ್ತಿ ತೀರಿಕೊಂಡ ಮ್ಯಾಲೂ ಒಯ್ಯೂದು ಬಿಡಲಿಲ್ಲ. ಖಾಲಿ ಒಯ್ದು ಖಾಲಿ ತರ್ತಿದ್ರು. ಯಾಕ ಸುಮ್ನ ಹೊರ್ತೀರಿ ಅಂತ ನಾನೂ ಜಗಳಾ ಮಾಡೀನಿ,” ಎಂದು ಹೇಳಿ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಯಾಕೆ ಸುಮ್ಮನೆ ಹೊರಬೇಕು. ಕಾಂತರಾಜು ಬರೆದದ್ದೂ ಇದೇ ಮಾತು, ಉತ್ತರ ಬಂದಾಗ ಹಾಕಿದ್ದು ನಗುವ ಮುಖದ ಗುರುತು. ಅವನು ಅಲ್ಲೇ ನೆಲದ ಮೇಲೆ ಕೂತ. ಈ ಸಲ ಅಳುವಾಗ ಯಾರೂ ಅವನನ್ನು ಏನೂ ಕೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಸುವರ್ಣಾ ಲ್ಯಾಪ್‌ಟಾಪು ತಂದಳು. ಶಿವಯೋಗಿ ಚಾರ್ಜಿಗೆ ಹಾಕಿ ಬಿಟ್ಟು ಎದ್ದಂತೆಯೇ ಇತ್ತು, ಮುಚ್ಚಲು ಯಾರಿಗೂ ಮನಸ್ಸು ಬಂದಿರಲಿಲ್ಲ. ತೆರೆಯ ಮೇಲೆ ಕಾಂತರಾಜು ಕಳಿಸಿದ ಪುಟವೇ ಇತ್ತು. ಕೆಳಗೆ ಒತ್ತದ ಗುಂಡಿ. ಓದಿದ್ದರೋ, ಓದಲು ತೆರೆದಿದ್ದರೋ ತಿಳಿಯುವ ದಾರಿ ಇರಲಿಲ್ಲ.

“ಒತ್ತಿಬಿಡ್ರಿ ಮತ್ತ,” ಎಂದಳು ಸುವರ್ಣಾ.

“ನಾನು ಒತ್ತೋ ಹಾಗಿಲ್ಲಮ್ಮ. ಬರೆದವನು ಬೇರೆ, ಒಪ್ಪೋರು ಬೇರೆ ಆಗಿರ್ಬೇಕು. ಅವರ ಹೆಸರು ತೆಗೆದುಹಾಕಿದ್ರೆ ನಾನೊಬ್ಬನೇ ಬಿಡುಗಡೆ ಮಾಡ್ಬಹುದು. ಅದು ನನ್ನ ಕೈಲಾಗಲ್ಲ.”

ಅಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದ ನಂಜುಂಡಪ್ಪ ಕೆಮ್ಮಿದರು. ಜನ್ಮದಲ್ಲಿ ಮೊದಲ ಬಾರಿಗೆ ಅವರಿಗೆ ತಮ್ಮನ ಬುತ್ತಿ ಅರ್ಥವಾಗುವ ಜಾಗಕ್ಕೆ ಬಂದಿತ್ತು. “ಇದು ಪೌತಿ ಖಾತೆ ವಿಷಯ ಕಣೋ,” ಎಂದರು. “ಸತ್ತವರ ಹೆಸರಲ್ಲಿ ಇರೋದು ವಾರಸುದಾರರಿಗೆ ಬರುತ್ತೆ. ತಂದೆ ಇದ್ದಾರೆ, ಹೆಂಡತಿ ಒಪ್ಪಿದ್ದಾರೆ. ಯಜಮಾನ್ರು ಒತ್ಲಿ. ಯಾವ ತಹಶೀಲ್ದಾರೂ ಇದಕ್ಕೆ ತಕರಾರು ತೆಗೆಯಲ್ಲ.”

ಮಡಿವಾಳಪ್ಪ ರುಮಾಲು ಸರಿಮಾಡಿಕೊಂಡರು. “ಓದಿ ಹೇಳದ ನಾ ಒತ್ತಾಂವಲ್ಲ. ಒಮ್ಮೆ ಹಂಗ ಹೆಬ್ಬಟ್ಟು ಒತ್ತಿ ಕೆಟ್ಟೀನಿ. ಏನ್ ಬರದೀರಿ, ಓದ್ರಿ.”

ಹೀಗೆ ಬುತ್ತಿಯ ಹೊಸ ಆವೃತ್ತಿಯನ್ನು ಕಾಂತರಾಜು ಆ ಮನೆಯ ನಡುವೆ ಕೂತು, ಪುರಾಣ ಓದಿದಂತೆ, ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದ. ಕಾರ್ಯಕ್ಕೆ ಬಂದಿದ್ದ ಜಂಗಮರು ಕೂಡ ಕಿವಿಗೊಟ್ಟರು.

“ಇಲ್ಲಿ ಡಬ್ಬಿ ಬಂದ್ರೆ ಒಳಗೆ ಏನಿದೆ ಅಂತ ನೋಡ್ತೀವಿ.”

“ನೋಡ್ರಿ.”

“ಏನೂ ಇಲ್ಲದಿದ್ರೂ ಈಗ ಬಿಡಲ್ಲ. ಬೇರೆಯವುಗಳ ಜೊತೆ ಅದನ್ನೂ ಕಟ್ತೀವಿ.”

“ಮೊದಲ ಬಿಡ್ತಿದ್ರಿ?”

“ಬಿಡ್ತಿದ್ವಿ. ನಾನೇ ಬಿಡ್ತಿದ್ದೆ.”

ಮುದುಕರು ಡಬ್ಬಿಯ ಕಡೆ ನೋಡಿದರು. “ಇನ್ನ ಬಿಡಬ್ಯಾಡ್ರಿ,” ಎಂದು ಹೇಳಿ, ಕಾಂತರಾಜು ತೋರಿಸಿದ ಕಡೆ ಹೆಬ್ಬೆರಳಿನಲ್ಲೇ ಒತ್ತಿದರು. ಗುಂಡಿ ಹಸಿರಾಯಿತು. ಪ್ರತಿ ಆವೃತ್ತಿಗೂ ಒಂದು ಊಟದ ಹೆಸರಿಡುವುದು ಅವರ ವಾಡಿಕೆ, ಚಿತ್ರಾನ್ನ, ರೊಟ್ಟಿ, ಮೊಸರನ್ನ ಹೀಗೆ. ಈ ಸಲ ಹೆಸರಿಡುವ ಸರದಿ ಶಿವಯೋಗಿಯವರದು. ಕಾಂತರಾಜು ‘ಖಾಲಿ ಡಬ್ಬಿ’ ಎಂದು ಬರೆದು, ಕೆಳಗೆ ಎಂದಿನಂತೆ ಇಬ್ಬರ ಹೆಸರೂ ಹಾಕಿ ಬಿಡುಗಡೆ ಮಾಡಿದ. ಚಪ್ಪಾಳೆ ಏನೂ ಆಗಲಿಲ್ಲ. ಕೆಳಗೆ ಗಿರಣಿ ಓಡುತ್ತಿತ್ತು. ಯಾರೋ ಪ್ರಸಾದಕ್ಕೆ ಏಳಿ ಎಂದರು.

ಪಂಕ್ತಿಯಲ್ಲಿ ಸಾರು ಬಡಿಸುತ್ತಾ ಬಂದ ಹಿರಿಯರೊಬ್ಬರು ಈ ಮೂವರ ಮುಂದೆ ನಿಂತು, “ನೀವು ತೀರಿಕೊಂಡವರಿಗೆ ಏನಾಗಬೇಕ್ರಿ?” ಎಂದು ಕೇಳಿದರು. ಕಾಂತರಾಜುವಿನ ಕೈ ಎಲೆಯ ಮೇಲೆ ನಿಂತಿತು.

ನಂಜುಂಡಪ್ಪ ಅನ್ನ ಕಲಸುತ್ತಾ, “ಇವನಿಗೆ ಅಣ್ಣ ಆಗ್ಬೇಕು,” ಎಂದರು.

“ನಿಮಗ?”

ಅಣ್ಣತಮ್ಮಂದಿರ ಸಂಖ್ಯೆ ಕಡಿಮೆ ಮಾಡಿಸಲು ಅರ್ಧ ಆಯುಷ್ಯ ಕೋರ್ಟು ಹತ್ತಿದ ಮನುಷ್ಯ ಅವರು. “ಇವನಿಗೆ ಅಣ್ಣ ಅಂದ್ಮೇಲೆ ನನಗೆ ತಮ್ಮ,” ಎಂದರು. “ಕೂಲಿ ಇಲ್ದೆ ಒಂದೇ ಹೊಲ ಗೇಯ್ದವರು ಸ್ವಾಮಿ. ಒಂದು ಸೌಟು ಸಾರು ಬಿಡಿ.”

ಹೊರಡುವಾಗ ಸುವರ್ಣಾ ಡಬ್ಬಿಯನ್ನು ಕಾಂತರಾಜು ಕೈಗೆ ಕೊಟ್ಟಳು. “ಒಯ್ರಿ. ಇನ್ನ ಇಲ್ಲಿ ಇದನ್ನ ಒಯ್ಯಾವ್ರು ಯಾರೂ ಇಲ್ಲ. ಖಾಲಿ ಐತ್ರಿ.”

ಇನ್ನೊಬ್ಬರ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದಷ್ಟೇ ಅವನ ತಲೆಗೆ ಹೊಳೆಯಿತು. ವಿಜಯಶ್ರೀಗೆ ಹೇಳಿ ಏನಾದರೂ ತುಂಬಿಸಬೇಕು, ತಂದು ಕೊಡಬೇಕು. ಆ ಯೋಚನೆಯಲ್ಲಿ, ಬಾಗಿಲು ದಾಟುತ್ತಾ, “ಬರ್ತೀನಮ್ಮ,” ಎಂದುಬಿಟ್ಟ.

ಅಕ್ಕಯ್ಯಮ್ಮ ಅವನ ತೋಳು ಚಿವುಟಿದಳು. ನಂಜುಂಡಪ್ಪ ಹಣೆ ಚಚ್ಚಿಕೊಂಡರು. ಕಾಂತರಾಜು ನಾಲಿಗೆ ಕಚ್ಚಿಕೊಂಡು, “ತಪ್ಪಾಯ್ತು, ಅಂದರೆ, ಬರೋದಿಲ್ಲ,” ಎಂದು ಇನ್ನೂ ಕೆಡಿಸಿದ.

“ನಮ್ಮಲ್ಲಿ ಅದೆಲ್ಲಾ ಇಲ್ರಿ,” ಎಂದಳು ಸುವರ್ಣಾ. “ಒಂದೊಂದು ವರ್ಶನ್ ಮುಗದಾಗೂ ಹೇಳ್ತಿದ್ರು, ಈ ಸಲ ಕಾಂತರಾಜು ಸರ್ ಊಟಕ್ಕ ಬರ್ತಾರ, ರೊಟ್ಟಿ ಮಾಡು ಅಂತ. ಮೊದಲ ಮೊದಲ ಮಾಡಿಡ್ತಿದ್ದೆ. ಆಮ್ಯಾಲ ಬಿಟ್ಟೆ.” ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. “ಬರ್ರಿ.”

ಮೆಟ್ರೊದಲ್ಲಿ ಡಬ್ಬಿ ಕಾಂತರಾಜು ತೊಡೆಯ ಮೇಲಿತ್ತು. ಪ್ರತಿ ಆವೃತ್ತಿ ಬಿಟ್ಟಾಗಿನ ಅಭ್ಯಾಸಬಲದಿಂದ ಅವನು ಫೋನು ತೆಗೆದು, ‘ಆಯ್ತು ಸಾರ್’ ಎಂದು ಬರೆದ. ಮುಂದಿನದನ್ನು ಬರೆಯಲಿಲ್ಲ.